ಬೀಗರಿಗೆ ಗೊತ್ತಾಗದಂತೆ ಕಫ ಪರೀಕ್ಷೆ

ನಮ್ಮ ಮನೆಗೆ ಯಾವ ರೋಗವೂ ನೆಟ್ಟಗೆ ಬಂದು ನೆಟ್ಟಗೆ ಹೋದದ್ದಿಲ್ಲ. ಜನ ಆಡಿಕೊಂಡು ನಗಲು ಏನಾದರೂ ಬಿಟ್ಟೇ ಹೋಗುತ್ತದೆ. ನಾನು ಆ ಕಾಲದ ಬಿ.ಎಸ್ಸಿ., ನಡೆದದ್ದನ್ನು ತಾರೀಖು ಹಾಕಿ ಬರೆದಿಡುವವಳು. ಆದ್ದರಿಂದ ಇದನ್ನು ನಮ್ಮ ಯಜಮಾನರು ಅಲ್ಲಗಳೆದರೆ ನಂಬಬೇಡಿ.

ಕ್ರಿಮಿಯ ಕುಲ

ಯಜಮಾನರಿಗೆ ವಾರಗಟ್ಟಲೆ ಕೆಮ್ಮು, ಸಂಜೆಯಾದರೆ ಜ್ವರ. ಡಾಕ್ಟರು ಎದೆಯ ಎಕ್ಸ್‌ರೇ ನೋಡಿ, “ಟಿ.ಬಿ. ಇರಬಹುದು. ಕಫದ ಜೀನ್ ಪರೀಕ್ಷೆ ಮಾಡಿಸಿ. ರೋಗ ಇದೆಯೋ ಇಲ್ಲವೋ, ಇದ್ದರೆ ಮುಖ್ಯ ಔಷಧಿ ನಾಟುತ್ತದೋ ಇಲ್ಲವೋ, ಎರಡು ತಾಸಿನಲ್ಲಿ ಮೆಷಿನ್ನೇ ಹೇಳುತ್ತದೆ” ಎಂದರು.

ಮಗಳ ಲಗ್ನ ದಿಲ್‌ಸುಖ್‌ನಗರದ ಹುಡುಗನ ಜೊತೆ ಮಾತಾಗಿತ್ತು. ನಿಶ್ಚಯವೊಂದು ಬಾಕಿ. ಟಿ.ಬಿ. ಎಂಬ ಮಾತು ಬೀಗರ ಕಿವಿಗೆ ಬಿದ್ದರೆ ಸಂಬಂಧ ಮುರಿದುಬಿದ್ದಂತೆಯೇ ಎಂದು ಎಲ್ಲರಿಗೂ ಹೆದರಿಕೆ. ನಮ್ಮೊಡನೆಯೇ ಇರುವ ನನ್ನ ನಾದಿನಿಗೆ ಅದಕ್ಕಿಂತ ದೊಡ್ಡ ಹೆದರಿಕೆ.

“ವೈನಿ, ಜೀನ್ ಅಂದ್ರ ವಂಶದ್ದಲ್ಲೇನ್ರಿ? ನಮ್ಮ ಮನೆತನದ ಹುಳುಕೆಲ್ಲಾ ಕಂಪ್ಯೂಟರಿನ್ಯಾಗ ಬರ್ತೈತಿ. ಬ್ಯಾಡ್ರಿ!”

“ಮೆಷಿನ್ ನೋಡೂದು ಕ್ರಿಮಿ ವಂಶಾನ, ನಿಮ್ಮಣ್ಣಂದಲ್ಲ” ಎಂದು ನಾನು ನನ್ನ ಬಿ.ಎಸ್ಸಿ. ಖರ್ಚು ಮಾಡಿದೆ.

ನಾದಿನಿ ನಿಟ್ಟುಸಿರು ಬಿಟ್ಟಳು. “ಹಂಗಂತ ಮೊದಲ ಹೇಳಬಾರದೇನ್ರಿ? ನೋಡ್ಲಿ ಬಿಡ್ರಿ. ಅದರ ಲಗ್ನ ನಾವೇನ್ ಮಾಡೂದೈತಿ!”

ಮರ್ಯಾದಸ್ಥರ ಕೆಮ್ಮು

ಪರಿಚಯದವರು ಯಾರೂ ಸಿಗಬಾರದೆಂದು ಕುಷಾಯಿಗೂಡದ ನಮ್ಮ ಮನೆಯಿಂದ ದೂರ, ಊರ ನಡುವಿನ ಕೋಠಿಯ ಕಡೆಯ ಒಂದು ಕೇಂದ್ರಕ್ಕೆ ಹೋದೆವು. ಅಲ್ಲಿ ಮುಚ್ಚಳದ ಡಬ್ಬಿ ಕೊಟ್ಟು, ಬೆಳಿಗ್ಗೆ ಎದ್ದು ಎದೆಯೊಳಗಿಂದ ಕೆಮ್ಮಿ ಕಫ ತನ್ನಿ ಎಂದರು. ನಮ್ಮವರು ಇನ್ನೊಬ್ಬರಿಗೆ ಕೇಳುವಂತೆ ಕ್ಯಾಕರಿಸಿದವರೇ ಅಲ್ಲ. ಬಚ್ಚಲ ಬಾಗಿಲು ಹಾಕಿ, ನಲ್ಲಿ ಬಿಟ್ಟು, ಬಹಳ ಹೊತ್ತು ಸಾಧನೆ ಮಾಡಿ ತಂದದ್ದು ತಿಳಿನೀರಿನಂಥ ನಾಲ್ಕು ಹನಿ. ಲ್ಯಾಬಿನ ಮೇಡಂ ಬೆಳಕಿಗೆ ಹಿಡಿದು ನೋಡಿ, “ಯೇ ತೋ ಥೂಕ್ ಹೈ, ಸಾರ್. ಬಲ್ಗಂ ಹೋನಾ!” ಎಂದರು. ಉಗುಳು ನಡೆಯುವುದಿಲ್ಲ, ಕಫವೇ ಬೇಕು.

ಮರುದಿನ ಇವರು ಗಂಟಲು ಸಡಿಲಾಗಲೆಂದು ರೂಢಿಯಂತೆ ಮೊದಲು ಎಲೆ ಅಡಿಕೆ ಹಾಕಿಕೊಂಡು, ಆಮೇಲೆ ಕೆಮ್ಮಿದರು. ನನಗೆ ಹೇಳಲಿಲ್ಲ. ಕೆಂಪು ಡಬ್ಬಿ ನೋಡಿದ ಮೇಡಂ ರಕ್ತವೆಂದುಕೊಂಡು ಕುರ್ಚಿಯಿಂದ ಎದ್ದೇಬಿಟ್ಟರು.

“ಖೂನ್! ಕಬ್ ಸೇ ಆ ರಾ, ಸಾರ್?” ಯಾವಾಗಿನಿಂದ ಬರುತ್ತಿದೆ ಎಂದು ಗಾಬರಿ.

“ಖೂನ್ ನೈ, ಅಮ್ಮಾ, ಪಾನ್,” ಎಂದರು ಇವರು ಅಭಿಮಾನದಿಂದ. “ಕಾಲೇಜ್ ಕೇ ಜಮಾನೇ ಸೇ!”

ಫೋನಿನಲ್ಲಿ ಆಸನ

ಅಂದು ಸಂಜೆ ಬೀಗಿತ್ತಿಯ ಫೋನು. ಎತ್ತಿದವಳು ನಾದಿನಿ.

“ಬೀಗರು ದಿನಾ ಮುಂಜಾನೆ ಎಲ್ಲಿಗೆ ಹೊಂಟಾರ್ರಿ? ಯಾರೋ ಬಸ್ಸಿನ್ಯಾಗ ನೋಡಿದ್ರಂತ.”

“ಯೋಗಾ ಕ್ಲಾಸಿಗ್ರಿ.”

ಅಷ್ಟರಲ್ಲಿ ಒಳಗಿನಿಂದ ಗೋಡೆ ನಡುಗುವಂತೆ ಯಜಮಾನರ ಕೆಮ್ಮು. ನಾದಿನಿ ಅಳುಕಲಿಲ್ಲ. “ಕೇಳಿಸ್ತೇನ್ರಿ? ಮನ್ಯಾಗೂ ಪ್ರಾಕ್ಟೀಸ್ ಮಾಡಾಕತ್ತಾರ.”

“ಅದ್ಯಾವ ಆಸನಾರೀ, ಇಷ್ಟು ಜೋರಂದು?”

“ನೆಂಟರು ಫೋನ್ ಮಾಡಿದಾಗ ಮಾಡೂದ್ರಿ” ಎಂದು ಫೋನ್ ಇಟ್ಟುಬಿಟ್ಟಳು.

ಬೀಗರ ಭೇಟಿ

ಮೂರನೆಯ ಸಲ ನಾನೇ ಎದುರು ನಿಂತು ಡಬ್ಬಿ ತುಂಬಿಸಿದೆ. ಕೇಂದ್ರದ ಸಾಲಿನಲ್ಲಿ ನಮ್ಮ ಮುಂದೆ ಮಾಸ್ಕು, ಮಂಕಿ ಟೋಪಿ, ಕಪ್ಪು ಕನ್ನಡಕದೊಳಗೆ ಅಡಗಿದ ಒಬ್ಬ ಹಿರಿಯರು. ಜೋರಾಗಿ ಕೆಮ್ಮಿದರು, ಕನ್ನಡಕ ಬಿತ್ತು. ದಿಲ್‌ಸುಖ್‌ನಗರದ ಬೀಗರು! ಕೈಯಲ್ಲಿ ಅದೇ ಡಬ್ಬಿ.

ಇಬ್ಬರೂ ಡಬ್ಬಿಯನ್ನು ಬೆನ್ನ ಹಿಂದೆ ಸರಿಸಿದರು.

“ನೀವು ಇಲ್ಲೆ?” ಎಂದರು ಬೀಗರು.

“ಹಿಂಗ... ಕೋಠಿಗೆ ಪುಸ್ತಕಾ ನೋಡಾಕ ಬಂದಿದ್ವಿ. ನೀವು?”

“ನಾನೂ ಪುಸ್ತಕಕ್ಕ.”

ಒಳಗಿನಿಂದ ಮೇಡಂ “ನೆಕ್ಸ್ಟ್!” ಎಂದರು. ಮರ್ಯಾದೆ ಶುರುವಾಯಿತು.

“ನೀವು ಮೊದಲ ಹೋಗ್ರಿ,” ಎಂದು ಬೀಗರು ಪಕ್ಕಕ್ಕೆ ಸರಿದರು.

“ಛೆ ಛೆ, ಗಂಡಿನ ಕಡೆಯವರನ್ನ ಬಿಟ್ಟು ನಾವ್ ಹೆಂಗ ಮುಂದ ಹೋಗೂದ್ರಿ?”

“ವಯಸ್ಸಿನ್ಯಾಗ ನೀವು ಹಿರಿಯರು.”

“ಕೆಮ್ಮಿನ್ಯಾಗ ನೀವ ಹಿರಿಯರ್ರಿ.”

ತಾಂಬೂಲ ಹಿಡಿದಂತೆ ಎರಡೂ ಕೈಯಲ್ಲಿ ಡಬ್ಬಿ ಹಿಡಿದು ಬಾಗುತ್ತಲೇ ಇದ್ದರು. ಹಿಂದಿನವರು ಬೈಯತೊಡಗಿದಾಗ ನಾನೇ ಎರಡನ್ನೂ ಕಸಿದು, ಹೆಸರಿನ ಚೀಟಿ ನೋಡಿ, ಒಳಗೆ ಕೊಟ್ಟೆ.

ಎರಡು ತಾಸು ಇಬ್ಬರೂ ಬೆಂಚಿನ ಎರಡು ತುದಿಯಲ್ಲಿ. ನಮ್ಮವರ ವರದಿ ಮೊದಲು ಬಂತು: ಟಿ.ಬಿ. ಇದೆ, ಔಷಧಿ ನಾಟುತ್ತದೆ. ಇವರ ಮುಖ ಬಾಡಿತು. ಆಮೇಲೆ ಬೀಗರದು: ಅಕ್ಷರಶಃ ಅದೇ.

ಬೀಗರು ಎರಡೂ ಕಾಗದ ಪಕ್ಕಪಕ್ಕ ಹಿಡಿದು ಜಾತಕ ನೋಡುವಂತೆ ನೋಡಿದರು. “ಎಲ್ಲಾ ಕೂಡಿ ಬಂದೈತ್ರಿ. ಇನ್ನ ಒಬ್ಬರಿಗೊಬ್ಬರು ಮುಚ್ಚೂದೇನೈತಿ? ಆರು ತಿಂಗಳು ಗುಳಿಗಿ ನುಂಗೂಣು, ಆಮ್ಯಾಲೆ ಅಕ್ಷತಾ ಹಾಕೂಣು.” ಇಬ್ಬರೂ ಮಾಸ್ಕು ಏರಿಸಿಕೊಂಡು, ಲಗ್ನದ ಹಂದರದಲ್ಲಿ ಬೀಗರು ಅಪ್ಪಿಕೊಳ್ಳುವಂತೆ ಅಪ್ಪಿಕೊಂಡೇಬಿಟ್ಟರು.

ಮೇಡಂ ಗಾಬರಿಯಿಂದ ನನ್ನ ಹತ್ತಿರ ಬಂದರು. “ಅಮ್ಮಾ, ಪಾಸಿಟಿವ್ ಬೋಲ್ಕೇ ಇನೋಂಕು ಸಮಝ್ ಮೇ ಆಯಾ ನಾ?” ರೋಗ ಇದೆ ಎಂಬುದು ಇವರಿಗೆ ತಿಳಿಯಿತೋ ಇಲ್ಲವೋ ಎಂದು ಆಕೆಗೆ ಅನುಮಾನ.

“ತಿಳಿಯಿತು. ಮಗಳ ಲಗ್ನ ಗಟ್ಟಿಯಾಯಿತು” ಎಂದು ಹಿಂದಿಯಲ್ಲಿ ಹೇಳಿದೆ.

ಆಕೆ ಎರಡೂ ವರದಿ ತಿರುಗಿಸಿ, ಹಾಗೆಂದು ಎಲ್ಲಿ ಬರೆದಿದೆ ಎಂದು ಹುಡುಕತೊಡಗಿದರು.