ಅತ್ತೆಯ ‘ವೂದ್ರೆ’

ಐವತ್ತರ ದಶಕದಲ್ಲಿ ಇಡೀ ಚಿಂತಾಮಣಿಯಲ್ಲಿ ಫ್ರೆಂಚಿನಲ್ಲಿ ಬದನೆಕಾಯಿ ಕೇಳಬಲ್ಲ ಹೆಂಗಸೆಂದರೆ ನಮ್ಮ ಸೋದರತ್ತೆ ಒಬ್ಬರೇ. ಕೇಳಿಸಿಕೊಂಡು ತೂಗಿಕೊಡುವ ಅಂಗಡಿಯವನು ಮಾತ್ರ ಇರಲಿಲ್ಲ!

ಮದುವೆಯಾದ ಹೊಸದರಲ್ಲೇ ಮಾವ ಗುಮಾಸ್ತಿಕೆ ಹಿಡಿದು ಪಾಂಡಿಚೇರಿಗೆ ಹೋಗಿದ್ದರು. “ಮನೆ ಸಿಕ್ಕಿದ ತಕ್ಷಣ ಕರೆಸ್ಕೋತೀನಿ” ಎಂದಿದ್ದರು. ಆಗ ಅಲ್ಲಿ ಫ್ರೆಂಚರ ಆಳ್ವಿಕೆ. ಹೋದ ಊರಲ್ಲಿ ಮೂಗಿಯ ಹಾಗೆ ನಿಲ್ಲಬಾರದೆಂದು ಅತ್ತೆ ತವರಿನಲ್ಲೇ ಕೂತು ಫ್ರೆಂಚ್ ಶುರುಮಾಡಿದರು. ಗುರುಗಳು ಎದುರುಮನೆಯ ತಾತ; ಪಾಂಡಿಚೇರಿಯ ಕೋರ್ಟಿನಲ್ಲಿ ದುಭಾಷಿಯಾಗಿದ್ದು ನಿವೃತ್ತರಾದವರು.

ತಾತನ ಮೊದಲ ಪಾಠವೇ ‘ವೂದ್ರೆ’. ‘ಬೇಕು’ ಎಂದು ಅಂಗಡಿಯವನ ಮೇಲೆ ಬೀಳದೆ, ‘ಸಿಕ್ಕಿದ್ದರೆ ಚೆನ್ನಾಗಿರುತ್ತಿತ್ತು’ ಎಂದು ನಯವಾಗಿ ಕೇಳುವ ಕ್ರಿಯಾಪದವಂತೆ.

“ ‘ವೂದ್-ರೆ’ ಅಂತ ಮುರೀಬೇಡಮ್ಮ. ‘ವೂ’ ಬೇರೆ, ‘ದ್ರೆ’ ಬೇರೆ. ನಮ್ಮ ಒತ್ತಕ್ಷರ ಇದ್ದ ಹಾಗೆ, ಬಿಡಿಸಬಾರದು. ಕೊನೇಲಿ ಒಂದು ‘ಸ್’ ಬರೀತಾರೆ, ಹೇಳೋದಿಲ್ಲ.”

“ಹೇಳದೇ ಇರೋದನ್ನ ಬರೆಯೋದ್ಯಾಕೆ?” ಎಂದರು ಅಜ್ಜಿ.

“ನಮ್ಮನೇಲಿ ನಾನಿರೋ ಹಾಗೆ ತಾಯಿ. ಇರಬೇಕು, ಬಾಯಿ ಬಿಡಬಾರದು!”

ಅಂದಿನಿಂದ ಅಡುಗೆಮನೆಯಲ್ಲಿ ಅದೇ ಜಪ. ಹೊಗೆಯಲ್ಲಿ ಕಣ್ಣೊರೆಸಿಕೊಳ್ಳುತ್ತಾ ಅತ್ತೆ “ವೂ-ದ್ರೆ, ವೂ-ದ್ರೆ” ಎಂದರೆ ಅಜ್ಜಿ ರೇಗುತ್ತಿದ್ದರು: “ಊದ್ರೆ ತಾನೆ ಕಣೇ ಒಲೆ ಉರಿಯೋದು! ಊದು ಮತ್ತೆ!”

ಇನ್ನೊಂದು ದಿನ ‘ಆಗುವ ಹಾಗಿದ್ದರೆ ನಾವು ಹೋಗುತ್ತಿದ್ದೆವು’ ಎಂಬುದರ ಸರದಿ. “ಇ-ರ್ಯೋಂ! ಎರಡೇ ತುಂಡು! ಇ-ರ್ಯೋಂ!” ಎಂದು ಅತ್ತೆ ಬಾವಿಕಟ್ಟೆಯಲ್ಲಿ ಗಟ್ಟಿಯಾಗಿ ಅಭ್ಯಾಸ ಮಾಡುತ್ತಿದ್ದರೆ, ಪಕ್ಕದ ಮನೆಯ ತೆಲುಗಿನಾಕೆ ಗಾಬರಿಯಿಂದ ಗೋಡೆಯ ಮೇಲಿಂದ ಇಣುಕಿದರು. “ಎವರ್ನಮ್ಮಾ ಇರ್ಯೋಣ ಅಂತಿದ್ದೀಯ? ಗಂಡನ್ನಾ?”

ಗಂಡ ಬಂದರು. ಫ್ರೆಂಚರು ಪಾಂಡಿಚೇರಿ ಬಿಟ್ಟ ವರ್ಷವೇ, ಕೆಲಸ ಕಳೆದುಕೊಂಡು, ಟ್ರಂಕು ಹೊತ್ತುಕೊಂಡು. ಅತ್ತೆ ಬಾಗಿಲಲ್ಲಿ ನಿಂತು, ಅಷ್ಟು ವರ್ಷ ಕಲಿತದ್ದನ್ನೆಲ್ಲ ಒಂದೇ ಉಸಿರಿಗೆ ಹೇಳಿಬಿಟ್ಟರು. ಮಾವ ಕಕ್ಕಾಬಿಕ್ಕಿ!

“ಏನೇ ಅದು? ನಾನಿದ್ದದ್ದು ಅಕ್ಕಿ ಮಂಡೀಲಿ. ಅಲ್ಲೆಲ್ಲ ತಮಿಳೇ ಕಣೇ!”

ಮನೆಗೆ ಮನೆಯೇ ಬಿದ್ದು ಬಿದ್ದು ನಕ್ಕಿತು. ಅತ್ತೆಯೂ ನಕ್ಕರು. ಆದರೆ ಆಮೇಲೆ ಅವರ ಬಾಯಲ್ಲಿ ಫ್ರೆಂಚ್ ಕೇಳಲಿಲ್ಲ. ಮಾವ ಚಿಂತಾಮಣಿಯಲ್ಲೇ ಒಂದು ಮಂಡಿಗೆ ಸೇರಿದರು. ತಾತ ತೀರಿಕೊಂಡರು. ಆ ಭಾಷೆಯಲ್ಲಿ ಅತ್ತೆಯನ್ನು ಮಾತಾಡಿಸುವವರೇ ಊರಲ್ಲಿ ಉಳಿಯಲಿಲ್ಲ.

ಅರವತ್ತರ ದಶಕದಲ್ಲಿ ಒಮ್ಮೆ ಮಾವ, ಅತ್ತೆಯನ್ನೂ ನನ್ನನ್ನೂ ಪಾಂಡಿಚೇರಿಗೆ ಕರೆದುಕೊಂಡು ಹೋದರು. ಯಾರ ಹತ್ತಿರವೂ ದಾರಿ ಕೂಡ ಕೇಳದ ಸಂಕೋಚದ ಮನುಷ್ಯ, ಸಮುದ್ರದ ದಂಡೆಯಲ್ಲಿ ಟೋಪಿ ತೊಟ್ಟ ವೃದ್ಧರೊಬ್ಬರನ್ನು ತಡೆದು, ಕೈಮುಗಿದು, ‘ನನ್ನ ಹೆಂಡತಿಯ ಜೊತೆ ಫ್ರೆಂಚಿನಲ್ಲಿ ನಾಲ್ಕು ಮಾತಾಡಿ’ ಎಂದು ತಮಿಳಿನಲ್ಲಿ ಬೇಡಿಕೊಂಡರು.

ವೃದ್ಧರು ನಗುತ್ತಾ ಅತ್ತೆಯನ್ನು ಏನೋ ಕೇಳಿದರು. ಅತ್ತೆಯ ತುಟಿ ಅಲುಗಿತು. “ಚಿಂತಾಮಣಿ” ಎಂದರು ಕೊನೆಗೆ. ವೃದ್ಧರು ಟೋಪಿ ಎತ್ತಿ ವಂದಿಸಿ ಮುಂದೆ ನಡೆದರು.

“ಎಲ್ಲಾ ಮರ್ತೋಯ್ತು ಕಣ್ರೀ” ಎಂದು ಅತ್ತೆ ಬಾಯಿಗೆ ಸೆರಗು ಒತ್ತಿಕೊಂಡರು.

ಮಾವ ಅಷ್ಟು ಜನರ ನಡುವೆಯೇ ಅವರ ಕೈ ಹಿಡಿದುಕೊಂಡರು.

“ನೀನು ಕಲ್ತಿದ್ದೆ ಕಣೇ. ತಡ ಮಾಡಿದೋನು ನಾನು.”