ಅಮ್ಮ ಅಲ್ಲಾಡದೆ ಗುಂಡು ಅಲ್ಲಾಡದು

ಗುಂಡು ಅಮ್ಮನ ಮೂಗಿನಿಂದ ಒಂದು ಗೇಣು ದೂರದಲ್ಲಿ ಬಂದು ನಿಂತಿತ್ತು. ಬದನೆಕಾಯಿಯಲ್ಲಿ ಹುಳು ಹುಡುಕುವವಳಂತೆ ಅಮ್ಮ ಅದನ್ನೇ ನೋಡುತ್ತಿದ್ದಳು.

ಹೆದರಬೇಡಿ, ಇದು ವಿಡಿಯೋ ಗೇಮಿನ ಗುಂಡು. ಕೊಪ್ಪದ ಕಾಲೇಜಿನಲ್ಲಿ ಸಂಖ್ಯಾಶಾಸ್ತ್ರ ಕಲಿಸುವ ನಾನು ಸಂಜೆ ಬಾಗಿಲು ಹಾಕಿಕೊಂಡು, ಕಣ್ಣಿಗೆ ವಿಆರ್ ಕನ್ನಡಕ ಕಟ್ಟಿಕೊಂಡು ಜನರಿಗೆ ಗುಂಡು ಹೊಡೆಯುತ್ತೇನೆಂಬುದು ಅಮ್ಮನೊಬ್ಬಳನ್ನು ಬಿಟ್ಟು ಯಾರಿಗೂ ಗೊತ್ತಿರಲಿಲ್ಲ. ಈ ಆಟದ ನಿಯಮವೇ ವಿಚಿತ್ರ: ನಾವು ಅಲ್ಲಾಡಿದರೆ ಮಾತ್ರ ಅಲ್ಲಿ ಕಾಲ ಓಡುತ್ತದೆ. ನಾವು ನಿಂತರೆ ಶತ್ರು, ಅವನ ಗುಂಡು, ಒಡೆದ ಗಾಜಿನ ಚೂರು ಎಲ್ಲವೂ ಇದ್ದಲ್ಲೇ ನಿಲ್ಲುತ್ತವೆ. ಅವಸರದವಳಾದ ನಾನು ಮೂರನೇ ಕೋಣೆಯನ್ನು ದಾಟಿದ್ದೇ ಇಲ್ಲ.

ಅಮ್ಮನಿಗೆ ಆ ಕನ್ನಡಕ ಕಟ್ಟಿದ್ದು ಬೇರೆ ಕಾರಣಕ್ಕೆ. ಅವಳ ಬಲಭುಜ ಹಿಡಿದುಕೊಂಡು, ಕೈ ಎದೆಮಟ್ಟಕ್ಕಿಂತ ಮೇಲೆ ಏಳುತ್ತಿರಲಿಲ್ಲ. ದಿನಾ ವ್ಯಾಯಾಮ ಮಾಡದಿದ್ದರೆ ಹಾಗೇ ಉಳಿದುಬಿಡಬಹುದೆಂದು ಫಿಸಿಯೋಥೆರಪಿಯವರು ಹೇಳಿದ್ದರು. ಅಮ್ಮ ಎರಡು ದಿನ ಮಾಡಿ, ನೋವಿಗೆ ಹೆದರಿ ಬಿಟ್ಟಿದ್ದಳು. ಈ ಆಟದಲ್ಲಿ ಪಿಸ್ತೂಲು ನೇತಾಡುವುದು ತಲೆಗಿಂತ ಎತ್ತರದ ಮೊಳೆಯಲ್ಲಿ; ಕೈ ಎತ್ತದೆ ಅದು ಸಿಗದು.

ಮೊದಲ ಸಲ ಆಟದ ಶತ್ರುವಾದ ಕೆಂಪು ಮನುಷ್ಯನೊಬ್ಬ ಬಾಗಿಲು ತೆರೆದು ಒಳಗೆ ಬಂದ. ಅಮ್ಮ ಕುರ್ಚಿಯಿಂದ ಎದ್ದು, "ಬನ್ನಿ, ಕೂತ್ಕಳಿ, ಆಸರಿಗೆ ಎಂತ ಕೊಡ್ಲಿ, ಕಾಫಿಯಾ ಮಜ್ಜಿಗೆಯಾ?" ಎಂದಳು. ಎದ್ದದ್ದರಿಂದ ಕಾಲ ಓಡಿತು, ಅವನು ಗುಂಡು ಹೊಡೆದ. ಮನೆಗೆ ಬಂದವರು ಹೀಗೆ ಮಾಡುವುದುಂಟೇ ಎಂದು ಅಮ್ಮ ಬಹಳ ಹೊತ್ತು ನೊಂದುಕೊಂಡಳು. ಬಂದವರನ್ನು ಕೂತಲ್ಲಿಂದಲೇ ಮಾತಾಡಿಸಿದ ಹೆಂಗಸಲ್ಲ ಅವಳು. ಸುಮ್ಮನೆ ಕೂತಿರುವುದನ್ನು ಕಲಿಯಲು ಆರು ಸಲ ಸಾಯಬೇಕಾಯಿತು.

ಏಳನೆಯ ಸಲದ್ದೇ ಈ ಗುಂಡು. ಅಮ್ಮ ತಲೆಯನ್ನು ತುಸು ವಾಲಿಸಿ ಅದಕ್ಕೆ ದಾರಿ ಬಿಟ್ಟಳು. ಆಮೇಲೆ ಬಲಗೈ ಎತ್ತತೊಡಗಿದಳು. ಕೈ ಒಂದು ಬೆರಳಷ್ಟು ಏರಿತು. ಕೆಂಪು ಮನುಷ್ಯ ಒಂದು ಹೆಜ್ಜೆ ಇಟ್ಟ. ನೋವಾಗಿ ನಿಲ್ಲಿಸಿದಳು; ಅವನೂ ನಿಂತ. ಅವಳಿಗೆ ಕಾಣುವುದನ್ನೆಲ್ಲ ನಾನು ಲ್ಯಾಪ್‌ಟಾಪಿನ ಪರದೆಯಲ್ಲಿ ನೋಡುತ್ತಿದ್ದೆ. ಅವಳ ನೋವು ಇಳಿಯಲಿ ಎಂದು ಇಡೀ ಒಂದು ಲೋಕ ಕಾದು ನಿಂತಿತ್ತು. ಮಗಳಾದ ನಾನು ಅಷ್ಟು ಕಾದದ್ದು ನೆನಪಿಲ್ಲ.

"ಇವ ಪಾಪ ಕಾಯ್ತಾನೆ ಮಾರಾಯ್ತಿ," ಎಂದಳು ಅಮ್ಮ. "ನೀನಾದ್ರೆ ಎತ್ತು ಎತ್ತು ಅಂತ ಜೀವ ತಿಂತಿದ್ದೆ."

ಕೈ ಮೊಳೆಯನ್ನು ಮುಟ್ಟಿತು. ಪಿಸ್ತೂಲು ಸಿಕ್ಕಿದ ಮೇಲೆ ಹಾಗೇ ನಿಧಾನವಾಗಿ ಒಂದೊಂದೇ ಕೋಣೆ ದಾಟುತ್ತ, ನಾನು ದಾಟದ ಮೂರನೆಯದನ್ನೂ ದಾಟಿದಳು.

ಇದನ್ನು ನೋಡಿಕೊಂಡು ಸುಮ್ಮನಿರುವಷ್ಟು ದೊಡ್ಡ ಮನಸ್ಸು ನನ್ನದಲ್ಲ. ಊಟಕ್ಕೆ ಕರೆಯುವವರೆಗೂ ಕನ್ನಡಕ ಕಟ್ಟಿಕೊಂಡು ಕೈ ಬೀಸಿ ಬೀಸಿ ಸತ್ತೆ. ಮರುದಿನ ಬೆಳಿಗ್ಗೆ ನನ್ನದೇ ಭುಜ ಹಿಡಿದುಕೊಂಡು, ಜಡೆ ಹಾಕಲು ಕೈ ಏಳಲಿಲ್ಲ. ಅಮ್ಮ ಬಾಚಣಿಗೆ ತಂದು, ಕೂತುಕೋ ಎಂದು ಮಣೆ ತೋರಿಸಿದಳು. ನಾನು ಅವಳಿಗಿಂತ ಅರ್ಧ ಅಡಿ ಎತ್ತರ. ಕೂರಲಿಲ್ಲ. ಅವಳಿಗೆ ಬೆನ್ನು ಮಾಡಿ ಅಲ್ಲಾಡದೆ ನಿಂತೇ ಇದ್ದೆ, ಅವಳ ಬಲಗೈಯ ಬಾಚಣಿಗೆ ಏರಿ ನನ್ನ ನೆತ್ತಿಗೆ ಬರುವವರೆಗೆ.