ಕೋಟೆಯೂರಿನ ಹಲ್ಲುಗಳು

ನಮ್ಮ ಅತ್ತಿಗೆಗೆ ಬದುಕಿರುವ ನಮ್ಮಂಥವರಿಗಿಂತ ನಾಲ್ಕು ಸಾವಿರ ವರ್ಷದ ಹಿಂದೆ ಸತ್ತವರ ಮೇಲೇ ಮರ್ಯಾದೆ ಜಾಸ್ತಿ! ಯಾಕೆ ಅಂತ ಕೇಳಿದರೆ, "ಸತ್ತವರು ದಿನಾ ಎರಡು ಸಲ ಬ್ರಷ್ ಮಾಡ್ತೀನಿ ಅಂತ ಸುಳ್ಳು ಹೇಳಲ್ಲ" ಅನ್ನುತ್ತಾರೆ. ಅವರು ಲಿವೋನಿಯಾದಲ್ಲಿ ಹಲ್ಲಿನ ಡಾಕ್ಟರು. ಪಕ್ಕದೂರು ಕ್ಯಾಂಟನ್ನಿನ ಇಂಡಿಯನ್ ಸ್ಟೋರಿನಲ್ಲಿ ಎದುರಾದವರ ಮುಖ ಅವರಿಗೆ ನೆನಪಿರುವುದಿಲ್ಲ. ಆಸಾಮಿ ನಕ್ಕ ಮೇಲಷ್ಟೇ, "ಓ, ಎಡಗಡೆ ರೂಟ್ ಕೆನಾಲ್! ಹೇಗಿದೀರಾ?" ಎಂದು ಕೂಗುತ್ತಾರೆ. ಆ ಮನುಷ್ಯ ಕೊತ್ತಂಬರಿ ಸೊಪ್ಪು ಅಲ್ಲೇ ಬಿಟ್ಟು ಓಡದೆ ಇನ್ನೇನು ಮಾಡಿಯಾನು?

ಅತ್ತಿಗೆಗೆ ಅರವತ್ತು ತುಂಬಿದಾಗ ನಮ್ಮಣ್ಣ ಹವಾಯಿಗೆ ಹೋಗೋಣ ಎಂದ. "ಅಲ್ಲೇನು ಅಗೀತಿದಾರೆ?" ಎಂದರು. ಕೊನೆಗೆ ಒಬ್ಬರೇ ಹೊರಟಿದ್ದು ಕಝಾಕಸ್ತಾನಕ್ಕೆ! ಕಾಡು ಮುಗಿದು, ಮರವೇ ಇಲ್ಲದ ಹುಲ್ಲುಗಾವಲು ಶುರುವಾಗುವ ಅಂಚಿನಲ್ಲಿ ಒಂದು ಹಳೆಯ ಕೋಟೆಯೂರನ್ನು ಅಗೆಯುತ್ತಿದ್ದರು. ಸುತ್ತ ಕಂದಕ, ಮಣ್ಣಿನ ಗೋಡೆ, ಒಳಗೆ ಒಂದಕ್ಕೊಂದು ಅಂಟಿಕೊಂಡ ಮನೆಗಳು, ಹೊರಗೆ ಗೋರಿಗಳು. ಸಿಕ್ಕ ಹಲ್ಲು ನೋಡಿ ವಯಸ್ಸು ಹೇಳುವವರು ಬೇಕಿತ್ತಂತೆ. ಅಲ್ಲಿಂದ ಪ್ರತಿ ಬೇಸಿಗೆಯೂ ಅದೇ ಯಾತ್ರೆ. ಒಮ್ಮೆ ಫೋನಿನಲ್ಲಿ, "ಇವತ್ತು ಮೂವರು ಸಿಕ್ಕಿದ್ರು ರೀ!" ಎಂದು ಕುಣಿದಾಡಿದರಂತೆ. "ಕನ್ನಡದವರಾ?" ಎಂದು ಕೇಳಿದನಂತೆ ಅಣ್ಣ, ಪಾಪ!

ಹೋದ ವರ್ಷ ಥ್ಯಾಂಕ್ಸ್‌ಗಿವಿಂಗ್ ರಜೆಗೆ ನಾನೂ ನನ್ನ ಗಂಡನೂ ಪ್ಲೇನ್‌ಫೀಲ್ಡಿನಿಂದ ಡ್ರೈವ್ ಮಾಡಿಕೊಂಡು ಅವರ ಮನೆಗೆ ಹೋದೆವು. ನಮ್ಮ ಮಗಳು ಇಂಚರ ಹೋಗಿ ಆಗ ಹತ್ತು ತಿಂಗಳು. ನಾಲ್ಕು ವರ್ಷಕ್ಕೆ ಬಂದ ಲ್ಯುಕೇಮಿಯಾ ಏಳಕ್ಕೆ ಅವಳನ್ನು ಮುಗಿಸಿತ್ತು. ಬಂದಿದ್ದ ನಾಲ್ಕಾರು ಜನ ನನ್ನ ಜತೆ ಬರೀ ಹವಾಮಾನ ಮಾತಾಡುತ್ತಿದ್ದರು. ನಾಳೆ ಸ್ನೋ ಬರತ್ತಂತೆ. ಹೌದಂತೆ.

ಬಿಸಿಬೇಳೆಬಾತ್ ಬಡಿಸುವಾಗ ಒಬ್ಬರು ಅತ್ತಿಗೆಯನ್ನು ಕೇಳಿದರು, "ಕೋಟೆ ಅಂದ್ಮೇಲೆ ರಾಜರು, ಯುದ್ಧ ಎಲ್ಲಾ ಇರ್ಬೇಕಲ್ಲ?"

"ರಾಜರನ್ನ ನಾನು ನೋಡಿಲ್ಲಾರೀ. ನನ್ನ ಕೈಗೆ ಬಂದ ಗೋರಿಗಳಲ್ಲಿ ಮಕ್ಕಳೇ ಜಾಸ್ತಿ."

"ಬುದ್ಧಿ ಇದೆಯೇನೇ ನಿಂಗೆ? ಅವಳ ಎದುರಿಗೆ!" ಎಂದು ಅಣ್ಣ ಹಲ್ಲು ಕಚ್ಚಿದ.

"ಮಕ್ಕಳು ಸಾಯ್ತಾರೆ ಅಂತ ಅವಳಿಗೆ ಗೊತ್ತಿಲ್ವಾ?"

ನಾನು ಎದ್ದು ಬಾತ್‌ರೂಮಿಗೆ ಹೋಗಿ ನಲ್ಲಿ ಜೋರಾಗಿ ಬಿಟ್ಟುಕೊಂಡೆ. ಇನ್ನು ಈ ಮನೆಗೆ ಕಾಲಿಡುವುದಿಲ್ಲ ಅಂದುಕೊಂಡೆ.

ಮರುದಿನ ಬೆಳಿಗ್ಗೆ ಅತ್ತಿಗೆ ಕಾರಿನ ಕೀ ಹಿಡಿದು ನಿಂತಿದ್ದರು. "ಕ್ಲಿನಿಕ್‌ಗೆ ಬಾ. ಒಂದು ತೋರಿಸಬೇಕು." ಬರಲ್ಲ ಅನ್ನುವುದಕ್ಕೂ ನನಗೆ ತ್ರಾಣವಿರಲಿಲ್ಲ.

ಕಂಪ್ಯೂಟರಿನಲ್ಲಿ ಒಂದು ಹಲ್ಲಿನ ಫೋಟೋ ದೊಡ್ಡದು ಮಾಡಿದರು. "ಆರು ವರ್ಷದ ಮಗು. ಹೆಣ್ಣೋ ಗಂಡೋ ಗೊತ್ತಾಗಿಲ್ಲ. ಈ ಗೆರೆ ನೋಡು. ಮೂರು ವರ್ಷ ಇದ್ದಾಗ ಜೋರು ಕಾಯಿಲೆ, ಇಲ್ಲಾ ಹಸಿವು. ಹಲ್ಲು ಬೆಳೆಯೋದೇ ನಿಂತುಹೋಗಿದೆ." ಬೆರಳು ಸ್ವಲ್ಪ ಮುಂದೆ ಸರಿಯಿತು. "ಇಲ್ಲಿಂದ ಮತ್ತೆ ಎಷ್ಟು ನಯವಾಗಿ ಬಂದಿದೆ ನೋಡು. ಯಾರೋ ಕೂತು ಉಣ್ಣಿಸಿದಾರೆ, ನೋಡ್ಕೊಂಡಿದಾರೆ."

"ಆದ್ರೂ ಹೋಯ್ತಲ್ಲ, ಅತ್ತಿಗೆ."

"ಹೋಯ್ತು. ಆ ಮೂರು ವರ್ಷವೂ ಇತ್ತು."

ನನ್ನ ಮಗಳದೂ ಮೂರು ವರ್ಷ: ಆಸ್ಪತ್ರೆ, ಸೂಜಿ, ವಾಂತಿ. ಮಗುವಿಗೆ ಬರೀ ಹಿಂಸೆ ಕೊಟ್ಟೆನಲ್ಲ ಎಂದು ನಾನು ಕೊರಗುತ್ತಿದ್ದುದನ್ನು ಯಾರಿಗೂ ಹೇಳಿರಲಿಲ್ಲ.

"ನಮ್ಮ ಇಂಚರಂಗೆ ಮೊದಲನೇ ಹಲ್ಲು ಯಾವಾಗ ಬಿತ್ತು?" ಎಂದರು ಅತ್ತಿಗೆ.

ಹತ್ತು ತಿಂಗಳಿಂದ ನನ್ನ ಎದುರಿಗೆ ಯಾರೂ ಆ ಹೆಸರು ಎತ್ತಿರಲಿಲ್ಲ. ರೋಗಿಗಳ ಕುರ್ಚಿಯಲ್ಲೇ ಕೂತೆ. "ಕೀಮೋ ನಡೀತಿತ್ತು... ಪಿಟ್ಜಾ ಕಚ್ಚಿದ್ಲು..."

ಫ್ರಂಟ್ ಡೆಸ್ಕಿನ ಹುಡುಗಿ ಬಾಗಿಲಲ್ಲಿ ಇಣುಕಿ, ಪೇಷಂಟ್ ಬಂದಿದ್ದಾರೆ ಎಂದಳು.

"ಟೆಲ್ ದೆಮ್ ಟು ವೇಟ್." ಅತ್ತಿಗೆ ತಿರುಗಿಯೂ ನೋಡಲಿಲ್ಲ. ಸ್ಟೂಲು ಎಳೆದುಕೊಂಡು ನನ್ನ ಕೈ ಹಿಡಿದು ಕೂತರು. "ಪಿಟ್ಜಾನಾ? ಮೇಲಿನ ಹಲ್ಲಾ, ಕೆಳಗಿಂದಾ?"

"ಕೆಳಗಿಂದು" ಎಂದೆ. ಆಮೇಲೆ ಎಲ್ಲಾ ಹೇಳಿದೆ.